ಮೇಷ್ಟ್ರನ್ನು ಎಬ್ಬಿಸಿದ ದಿನ

“ಮಲಗಿರೋರನ್ನ ಯಾಕೆ ಎಬ್ಬಿಸ್ತೀರಾ? ನಿಮಗೆ ಕರುಣೆ ಅನ್ನೋದೇ ಇಲ್ವಾ?” ಐಸಿಯು ಬಾಗಿಲಲ್ಲೇ ಮೇಷ್ಟ್ರ ಹೆಂಡತಿ ದನಿ ಏರಿಸಿದರು.

ಮೇಷ್ಟ್ರು ಅಂದರೆ ಶಾಲೆಯವರಲ್ಲ, ಡ್ರೈವಿಂಗ್ ಸ್ಕೂಲಿನವರು. ನ್ಯುಮೋನಿಯಾ ಜೋರಾಗಿ, ಬಾಯಲ್ಲಿ ಕೊಳವೆ, ಪಕ್ಕದಲ್ಲಿ ವೆಂಟಿಲೇಟರ್. ಇಷ್ಟು ದಿನ ಔಷಧಿಯ ನಿದ್ದೆಯಲ್ಲಿದ್ದರು. ಇವತ್ತು ನೋಡಿದರೆ ಆ ಔಷಧಿ ನಿಲ್ಲಿಸಿದ್ದಾರೆ, ಮೇಷ್ಟ್ರು ಪಿಳಿಪಿಳಿ ಕಣ್ಣು ಬಿಡುತ್ತಿದ್ದಾರೆ. ಅದೂ ಸಾಲದು ಅಂತ, ಕೊಳವೆ ಇರುವಾಗಲೇ ಅವರನ್ನು ಎಬ್ಬಿಸಿ ನಿಲ್ಲಿಸುತ್ತಾರಂತೆ!

“ಕರುಣೆ ಇರೋದಕ್ಕೇ ಎಬ್ಬಿಸ್ತಿರೋದು ಕಣಮ್ಮಾ,” ಅಂದರು ಹಿರಿಯ ಸಿಸ್ಟರ್. ಎಷ್ಟು ಜನರ ಬೈಗುಳ ಕೇಳಿದವರೋ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. “ಹಿಂದೆ ವೆಂಟಿಲೇಟರ್ ಹಾಕಿದ್ರೆ ಮಲಗಿಸಿಬಿಡೋದೇ. ಸ್ವಲ್ಪ ಅಲ್ಲಾಡಿದ್ರೂ ಇನ್ನಷ್ಟು ಔಷಧಿ. ಎಷ್ಟೋ ಜನ ಜೀವ ಉಳಿಸ್ಕೊಂಡು ಮನೆಗೆ ಹೋಗೋರು, ಆದ್ರೆ ಮಲಗಿ ಮಲಗಿ ಲೋಟ ಎತ್ತೋಕೂ ಕೈಯಲ್ಲಿ ತ್ರಾಣ ಇರ್ತಿರಲಿಲ್ಲ. ನಿಮ್ಮ ಯಜಮಾನ್ರು ನಡ್ಕೊಂಡು ಮನೆಗೆ ಬರ್ಬೇಕೋ ಬೇಡ್ವೋ?”

“ನೋವಾಗುತ್ತಲ್ಲ ಸಿಸ್ಟರ್...”

“ನೋವಿಗೆ ಔಷಧಿ ಹೋಗ್ತಾನೇ ಇದೆ. ಬನ್ನಿ, ಎದುರಿಗೇ ನಿಂತ್ಕೊಳ್ಳಿ. ನೀವು ಸಾಕು ಅಂದ ತಕ್ಷಣ ಮಲಗಿಸ್ತೀನಿ.”

ಆಕೆ ಒಳಗೆ ಬಂದು ನಿಂತರು. ಇವರಿಗೇನಾದರೂ ಆದರೆ, ಒಪ್ಪಿಕೊಂಡ ತಪ್ಪು ನನ್ನದೇ ಅಲ್ಲವೇ ಎಂಬ ಭಯ. ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಮೇಷ್ಟ್ರ ಬೆನ್ನಿಗೆ ಕೈಕೊಟ್ಟು ಮಂಚದ ಅಂಚಿಗೆ ಕೂರಿಸಿದಳು. ಕೆಮ್ಮು ಬಂತು, ಯಂತ್ರ ಕುಯ್ಯೋ ಅಂತ ಕೂಗಿತು. ಸಿಸ್ಟರ್ ಕೊಳವೆಯೊಳಗಿನ ಕಫ ಎಳೆದು ತೆಗೆದ ಮೇಲೆ ಕೂಗು ನಿಂತಿತು. ಮೇಷ್ಟ್ರ ಕಾಲು ನೆಲ ಮುಟ್ಟಿತು.

“ಈಗ ಎದ್ದೇಳೋಣ,” ಅಂದಳು ಫಿಸಿಯೋ.

ಮೇಷ್ಟ್ರು ಸಟ್ಟನೆ ಅಂಗೈ ಮೇಲೆತ್ತಿದರು.

“ನೋಡಿ, ಬೇಡ ಅಂತಿದ್ದಾರೆ! ಆಗಲ್ಲ ಅವರಿಗೆ, ಸಾಕು, ಮಲಗಿಸಿ!” ಹೆಂಡತಿ ಅತ್ತೇಬಿಟ್ಟರು. ಕೊಟ್ಟ ಮಾತಿನಂತೆ ಸಿಸ್ಟರ್ ದಿಂಬು ಸರಿಮಾಡಲು ತಿರುಗಿದರು.

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಾಗದ ಶಿಷ್ಯರನ್ನು ನೋಡುವಾಗಿನ ಅದೇ ಹುಬ್ಬು. ಎತ್ತಿದ ಕೈಯನ್ನು ಇಳಿಸಿ, ಬೆರಳಿನಿಂದ ಮಂಚದ ಪಕ್ಕ ತೋರಿಸಿದರು. ವೆಂಟಿಲೇಟರಿನ ಕೊಳವೆ ಮಂಚದ ಕಂಬಿಗೆ ಸಿಕ್ಕಿಕೊಂಡಿತ್ತು. ಹಾಗೇ ಎದ್ದಿದ್ದರೆ ಬಾಯಲ್ಲಿದ್ದದ್ದೇ ಕಿತ್ತು ಬರುತ್ತಿತ್ತೋ ಏನೋ!

“ಅಯ್ಯೋ, ನಮ್ಮ ಕಣ್ಣಿಗೆ ಏನಾಗಿತ್ತು!” ಸಿಸ್ಟರ್ ಕೊಳವೆಯನ್ನು ಬಿಡಿಸಿ ಸಡಿಲಮಾಡಿದರು. “ಕ್ಷಮಿಸಿ ಮೇಷ್ಟ್ರೇ.”

ಮೇಷ್ಟ್ರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಣ್ಣು ಹಾಯಿಸಿದರು. ಆಮೇಲೆ ಕೈಯನ್ನು ಮುಂದಕ್ಕೆ ಬೀಸಿದರು. ಅವರು ಸ್ಕೂಟರ್ ಕಲಿಸುವಾಗ ಹೆಂಡತಿ ಎಷ್ಟು ಸಲ ಬೈಸಿಕೊಂಡು ಕಲಿತಿದ್ದ ಸನ್ನೆ ಅದು! ಆಕೆಗೆ ಅಳುವಿನ ನಡುವೆಯೇ ನಗು ಬಂತು. “ಹೊರಡಿ ಅಂತಿದ್ದಾರೆ,” ಅಂದರು ಸಿಸ್ಟರಿಗೆ. “ಬೇಗ ಎಬ್ಬಿಸಿ, ತಡಮಾಡಿದ್ರೆ ರೇಗ್ತಾರೆ.”

ಮೇಷ್ಟ್ರು ಎದ್ದರು. ಮೊಣಕಾಲು ಗಡಗಡ ನಡುಗಿತು, ಹಣೆಯಲ್ಲಿ ಬೆವರೊಡೆಯಿತು. ಯಂತ್ರ ಪಕ್ಕದಲ್ಲೇ ಉಸಿರು ಕೊಡುತ್ತಿತ್ತು. ಆದರೂ ನಿಂತರು, ಹೆಂಡತಿಯ ಭುಜದ ಮೇಲೆ ಒಂದು ಕೈ ಇಟ್ಟುಕೊಂಡು. ಆ ಕೈಯ ಭಾರ ಆಕೆಗೆ ಹಾಯೆನಿಸಿತು.

ಮತ್ತೆ ಕೂರಿಸುವ ಹೊತ್ತಿಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಖುಷಿಯಿಂದ ತಲೆದೂಗಿ, ಅಭ್ಯಾಸಬಲದಿಂದ ನೇರವಾಗಿ ಹೆಂಡತಿಯ ಕಡೆ ತಿರುಗಿದರು.

“ಏನಮ್ಮಾ, ನಾಳೆ ನಿಮ್ಮ ಯಜಮಾನ್ರನ್ನ ಬಾಗಿಲವರೆಗೂ ನಡೆಸೋಣ್ವಾ?”

ಆಕೆ ಸೆರಗಿನಿಂದ ಗಂಡನ ಹಣೆ ಒರೆಸುತ್ತಲೇ ಅಂದರು, “ನನ್ನನ್ಯಾಕೆ ಕೇಳ್ತೀರಾ ಡಾಕ್ಟ್ರೇ? ನಡೆಯೋರು ಎದುರಿಗೇ ಕೂತಿದ್ದಾರೆ, ಅವರನ್ನೇ ಕೇಳಿ.”