ಇತರೆ ತರಗತಿಗಳು

ಗಾಜಿನ ಬಾಗಿಲಾಚೆ ಕೂತಿದ್ದವಳು ತನ್ನ ಹೆಂಡತಿಯೇ ಎಂಬುದರಲ್ಲಿ ಯೋಜನಾಧಿಕಾರಿಗೆ ಅನುಮಾನ ಉಳಿಯಲಿಲ್ಲ.

ಅಕ್ಕನ ಮನೆಗೆ ಹೋಗುತ್ತೇನೆಂದು ಹೊರಟವಳು ಇಲ್ಲಿ, ಅವನದೇ ಕಾಲೇಜಿನ ಹಳೆಯ ಕಟ್ಟಡದಲ್ಲಿ, ಪುಟ್ಟ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಒಬ್ಬ ಗಂಡಸು. ನುಣ್ಣಗೆ ಬೋಳಿಸಿದ ಮುಖ, ಅವಳಿಗಿಂತ ಚಿಕ್ಕ ವಯಸ್ಸು. ಕೋಣೆಯಲ್ಲಿ ಬೇರೆ ನರಪಿಳ್ಳೆಯಿಲ್ಲ. ಅವನು ಏನೋ ಹೇಳುತ್ತಿದ್ದ. ಹೊರಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅವಳು ಅವನ ತುಟಿಗಳ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಆಮೇಲೆ ನಕ್ಕಳು. ಆ ನಗು ಮನೆಯಲ್ಲಿ ಕಾಣಿಸಿ ಬಹಳ ಕಾಲವಾಗಿತ್ತು.

ಕಟ್ಟಡದ ಸ್ಥಿತಿ ನೋಡಿಕೊಂಡು ಹೋಗಲು ಬಂದಿದ್ದವನು ಬಾಗಿಲು ತೆರೆಯದೆ ಹಿಂದಿರುಗಿದ. ಬೀದಿಯಲ್ಲಿ ರಂಪ ಮಾಡುವ ಜಾತಿಯವನಲ್ಲ ಅವನು.

ದಾರಿಯುದ್ದಕ್ಕೂ ಒಂದೊಂದೇ ನೆನಪಾಗುತ್ತ ಹೋಯಿತು. ತಾನು ಒಂದು ಹೇಳಿದರೆ ಅವಳು ಇನ್ನೊಂದಕ್ಕೆ ಉತ್ತರ ಕೊಡುತ್ತಿದ್ದುದು. ಮನಸ್ಸು ಇಲ್ಲಿದ್ದರೆ ತಾನೆ? ಊಟಕ್ಕೆ ಕೂತಾಗ ಯಾರೊಂದಿಗೋ ಹೋಲಿಸುವವಳಂತೆ ತನ್ನ ಮುಖವನ್ನೇ ದಿಟ್ಟಿಸುತ್ತಿದ್ದುದು. ಮೊನ್ನೆಮೊನ್ನೆ, “ರೀ, ಆ ಮೀಸೆ ತೆಗೆದುಬಿಡಿ. ಮುಖಾನೇ ಕಾಣಲ್ಲ,” ಎಂದಿದ್ದಳು. ಅವನು ನಕ್ಕು ಸುಮ್ಮನಾಗಿದ್ದ. ಯಾರ ಮುಖ ನೋಡಿ ಆ ಆಸೆ ಹುಟ್ಟಿತೆಂದು ಈಗ ತಿಳಿಯಿತು.

ಮನೆಗೆ ಬಂದವಳನ್ನು ಕೇಳಿದ. “ಅಕ್ಕ ಹೇಗಿದ್ದಾರೆ?”

“ಚೆನ್ನಾಗಿದ್ದಾಳೆ,” ಎಂದು ಅವಳು ಪಾತ್ರೆ ತೊಳೆಯಲು ತಿರುಗಿದಳು. ನಲ್ಲಿ ಸುರಿಯತೊಡಗಿತು.

ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. “ಯಾರೇ ಅವನು?”

ಅವಳ ಕೈ ನಿಲ್ಲಲಿಲ್ಲ.

“ಎಷ್ಟು ದಿನದಿಂದ ನಡೀತಿದೆ ಇದು?”

ಅವಳು ತೊಳೆದ ತಟ್ಟೆಯನ್ನು ಬೋರಲು ಹಾಕಿ ಇನ್ನೊಂದನ್ನು ಎತ್ತಿಕೊಂಡಳು. ಇಲ್ಲವೆನ್ನಲಿಲ್ಲ, ಅಳಲಿಲ್ಲ, ಕತ್ತು ಸಹ ತಿರುಗಿಸಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಇಂಥ ದಪ್ಪ ಚರ್ಮ ಇದ್ದೀತೆಂದು ಅವನು ಎಣಿಸಿರಲಿಲ್ಲ. ಆ ಮೌನವೇ ಉತ್ತರವೆಂದುಕೊಂಡ. ಮತ್ತೆ ಕೇಳಲಿಲ್ಲ.

ಶಾಲೆ ಅರ್ಧಕ್ಕೆ ಬಿಟ್ಟವರು, ನಡುವಯಸ್ಸಿನಲ್ಲಿ ಹೊಸ ಕಸುಬು ಬೇಕಾದವರು ಬಂದು ಕಲಿಯುವ ನಗರದ ಕಾಲೇಜು ಅದು. ಅದರ ಮುಂದಿನ ಐದು ವರ್ಷಗಳ ಯೋಜನೆ ಅವನ ಮೇಜಿನ ಮೇಲೆ ಅರ್ಧ ಸಿದ್ಧವಾಗಿತ್ತು. ಕಾರ್ಖಾನೆಯವರು ಹೊಸ ಯಂತ್ರಗಳ ವರ್ಕ್‌ಶಾಪ್ ಬೇಕೆಂದಿದ್ದರು. ಅದಕ್ಕೆ ಹಿತ್ತಲಿನ ಖಾಲಿ ಜಾಗ ಸಾಕೆಂದು ಬರೆದಿದ್ದವನೂ ಅವನೇ. ಮರುದಿನ ಬೆಳಿಗ್ಗೆ ಆ ಮಾತನ್ನು ಹೊಡೆದುಹಾಕಿ, ಹಳೆಯ ಕಟ್ಟಡವನ್ನು ಕೆಡವಬೇಕೆಂದು ಬರೆದ.

ಆ ಕಟ್ಟಡದ ಸಂಜೆ ಪಾಠಗಳೆಲ್ಲ ಯೋಜನೆಯಲ್ಲಿ ಒಂದೇ ಸಾಲಿನಲ್ಲಿದ್ದವು: ‘ಇತರೆ’. ಬೋಳುಮುಖದವನು ಅಲ್ಲಿನ ಗುತ್ತಿಗೆ ಮೇಷ್ಟ್ರು ಎಂದಷ್ಟೇ ವಿಚಾರಿಸಿಕೊಂಡ. ಏನು ಕಲಿಸುತ್ತಾನೆಂದು ಕೇಳುವ ಗೋಜಿಗೆ ಹೋಗಲಿಲ್ಲ. ವಿದ್ಯಾರ್ಥಿಗಳು ಕಡಿಮೆ, ಕರೆಂಟು ದಂಡ, ಚಾವಣಿ ಸೋರುತ್ತದೆ ಎಂದು ಬರೆದ. ಒಂದೂ ಸುಳ್ಳಲ್ಲ, ಅದೇ ಅವನಿಗೆ ಹೆಮ್ಮೆ. ಕೊನೆಗೆ, ಆ ಕಟ್ಟಡದ ಗುತ್ತಿಗೆಯವರನ್ನು ಬೇರೆ ವಿಭಾಗಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ ಎಂದೂ ಸೇರಿಸಿದ.

ಸಭೆಯಲ್ಲಿ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. “ಆ ಪಾಠಗಳನ್ನ ಪೂರ್ತಿ ನಿಲ್ಲಿಸಲೇಬೇಕಾ? ಅಲ್ಲಿ ಏನು ನಡೆಯುತ್ತೆ ಅಂತ ಒಂದ್ಸಲ ಹೋಗಿ ನೋಡಿದ್ರಾ?”

“ಕಣ್ಣಾರೆ ನೋಡಿದ್ದೀನಿ ಮೇಡಂ. ಉಳಿಸ್ಕೊಳ್ಳೋ ಅಂಥದ್ದೇನೂ ಇಲ್ಲ.”

ಕೈಗಳು ಮೇಲೆದ್ದವು. ಟೀ ಬಂತು.

ಆ ಸಂಜೆ ಊಟದ ಮೇಜಿನಲ್ಲಿ ಹೆಂಡತಿಯ ಎದುರು ಕೂತು, ಸರಿಯಾಗಿ ನಾಟಲೆಂದು, ಒಂದೊಂದೇ ಮಾತು ಬಿಡಿಸಿ ಹೇಳಿದ. “ಕಾಲೇಜಿನ ಹಳೇ ಕಟ್ಟಡ. ಕೆಡವ್ತಾ ಇದ್ದೀವಿ. ಸಂಜೆ ಪಾಠ ಎಲ್ಲ ಬಂದ್.”

“ಎಲ್ಲಾನೂವಾ?”

“ಎಲ್ಲಾನೂ.”

ಅವಳು ತಟ್ಟೆ ಬಿಟ್ಟು ಎದ್ದಳು. ಬಚ್ಚಲುಮನೆಯಿಂದ ಬಿಕ್ಕುವ ಸದ್ದು ಬರುತ್ತಿತ್ತು. ಅವನಿಗೆ ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು. ಎರಡನೆಯ ಸಲ ಬಡಿಸಿಕೊಂಡ.

ವಾರ ಕಳೆದು ಮೇಷ್ಟ್ರು ತಾನಾಗಿಯೇ ಅವನ ಕೋಣೆಗೆ ಬಂದ. ನಿಧಾನವಾಗಿ, ಬಾಯಿ ಪೂರ್ತಿ ತೆರೆದು ಮಾತಾಡುತ್ತಿದ್ದ. ಮಗುವಿಗೆ ತಿಳಿಹೇಳುವಂಥ ಆ ಧಾಟಿ ಅಧಿಕಾರಿಯ ಮೈ ಉರಿಸಿತು.

“ನನ್ನ ಕೆಲಸ ಉಳಿಸಿ ಅಂತ ಕೇಳೋಕೆ ಬಂದಿಲ್ಲ ಸಾರ್.”

“ಬರಬೇಕಾಗೂ ಇಲ್ಲ. ನಿಮ್ಮಂಥವರು ಎಲ್ಲಿ ಹೋದ್ರೂ ಬೇರೆಯವರದನ್ನ ತಮ್ಮದು ಮಾಡ್ಕೊಂಡು ಬದುಕ್ತೀರಿ.”

ಮೇಷ್ಟ್ರಿಗೆ ಅರ್ಥವಾದಂತೆ ಕಾಣಲಿಲ್ಲ. “ಕಟ್ಟಡ ಬೀಳೋವರೆಗಾದ್ರೂ ಒಂದು ಕೋಣೆ ಬಿಟ್ಟುಕೊಡಿ. ಒಬ್ಬ ಅಮ್ಮ ಇದ್ದಾರೆ. ಅವರಿಗೋಸ್ಕರ.”

ಅಂತೂ ಬಾಯಿಬಿಟ್ಟ. ಅಧಿಕಾರಿ ಕುರ್ಚಿಗೆ ಒರಗಿದ. “ಹೇಳಿ. ಮುಚ್ಚುಮರೆ ಯಾಕೆ?”

“ಉಳಿದವರು ಬರೋಕೆ ಮುಂಚೆ ಅವರೊಬ್ಬರನ್ನೇ ಕೂರಿಸ್ಕೊಂಡು ಹೇಳಿಕೊಡ್ತೀನಿ. ಮನೇಲಿ ಗೊತ್ತಿಲ್ಲ ಸಾರ್. ಅಕ್ಕನ ಮನೆಗೆ ಅಂತ ಹೇಳಿ ಬರ್ತಾರೆ.”

“ಅದೂ ನಿಮಗೆ ಗೊತ್ತು.”

“ಪೂರ್ತಿ ಕಲಿತ ಮೇಲೆ ಮನೇಲಿ ಹೇಳ್ತಾರಂತೆ. ಅವರ ಎರಡು ಕಿವಿನೂ ಹೋಗಿವೆ ಸಾರ್. ಎದುರಿಗಿರೋರ ತುಟಿ ನೋಡಿ ಮಾತು ತಿಳ್ಕೊಳ್ಳೋದು, ನಾನು ಕಲಿಸೋದು ಅದನ್ನೇ.”

ಅಧಿಕಾರಿಯ ಕೈ ತನ್ನ ಮೀಸೆಯ ಮೇಲೆ ಹೋಯಿತು. ಮೇಷ್ಟ್ರು ಅವನ ಬಾಯನ್ನೇ ನೋಡುತ್ತ ಮುಂದುವರಿಸಿದ.

“ಊರವರ ಮಾತೆಲ್ಲ ಬೇಡ ಮೇಷ್ಟ್ರೇ ಅಂತಾರೆ ಆಯಮ್ಮ, ನಮ್ಮನೆಯವರ ಬಾಯೊಂದು ಓದೋಕೆ ಬಂದ್ರೆ ಸಾಕಂತೆ.”