ಒಂದೇ ತಟ್ಟೆಯ ದನಿಗಳು

ತೀರಿಹೋದವರ ದನಿಯನ್ನು ಗಾಜಿನ ತಟ್ಟೆಯ ಮೇಲೆ ಕಣ್ಣಿಗೆ ಕಾಣದ ಕಾಳುಗಳಾಗಿ ಬೆಳೆಸಿಡುವ ಕಾಲ. ರಿಪೇರಿಗೆ ಬಂದವರು ಅಳುವುದು ಮಾಮೂಲಾದ್ದರಿಂದ ದಸ್ತಗೀರ್ ಅಂಗಡಿಯಲ್ಲಿ ಅದಕ್ಕೆಂದೇ ಒಂದು ಸ್ಟೂಲು ಹಾಕಿದ್ದ. ಹಾಲಮ್ಮ ಕೂರಲಿಲ್ಲ, ತಟ್ಟೆಯನ್ನು ಅವನ ಮುಂದಿಟ್ಟಳು.

"ಹದಿನೈದು ದಿನದಿಂದ ನನ್ನ ಮಗಳು ಮಾತಾಡ್ತಿಲ್ಲಣ್ಣ."

ಅವನು ಮಸೂರ ಹಿಡಿದು ನೋಡಿದ. "ಇದರಲ್ಲಿ ಇನ್ಯಾರಿದ್ದಾರಕ್ಕ?"

"ನಮ್ಮತ್ತೆ. ಮನೆಗೊಂದೇ ತಟ್ಟೆ ಸಾಕು ಅಂದ್ರು ಯಜಮಾನ್ರು."

"ಬಿಸಿ ತಾಗಿತ್ತಾ?"

"ಛೇ, ದೇವರ ಗೂಡಲ್ಲೇ ಇಟ್ಟಿದ್ದೆ. ದಿನಾ ಕರ್ಪೂರದಾರತಿ ಅಷ್ಟೇ."

ದಸ್ತಗೀರ್ ಮಸೂರ ಕೆಳಗಿಟ್ಟ. "ಬಿಸಿಗೆ ಸಣ್ಣ ಕಾಳು ಕರಗಿ ದೊಡ್ಡದಕ್ಕೆ ಸೇರ್ತದಕ್ಕ. ನಿಮ್ಮತ್ತೆ ಕಾಳು ಗುಡ್ಡದಂಗೆ ಊದಿವೆ. ಮಗೂದು ಒಂದೂ ಉಳಿದಿಲ್ಲ."

"ಬದುಕಿದ್ದಾಗ್ಲೂ ಎಲ್ಲರ ಪಾಲು ಅವರೇ ಉಣ್ಣೋರು," ಎಂದಳು ಹಾಲಮ್ಮ. "ಒಂದ್ಸಲ ಹಾಕಣ್ಣ."

ತಟ್ಟೆ ಗೊರಗುಟ್ಟಿತು. ಆಮೇಲೆ ಅತ್ತೆಯ ಒರಟು ಗಂಟಲು, ಜ್ವರ ಬಂದ ಕೂಸಿನ ರಾಗದಲ್ಲಿ, "ಅಮ್ಮಾ, ನೀರು" ಎಂದಿತು.

ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆ ಅವಳನ್ನು "ಏ" ಎಂದೇ ಕರೆದವರು.

"ಒರೆಸಿಬಿಡ್ಲಾ?" ಎಂದ ದಸ್ತಗೀರ್.

"ಬೇಡ," ಎಂದು ಹಾಲಮ್ಮ ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಇನ್ಮೇಲೆ ಅತ್ತೇನೇ ಸಾಕ್ತೀನಿ."