ಇಷ್ಟ ಬಂದದ್ದು ತಗೋ

“ಸಾಹಿತ್ಯ ಚಾನ್, ನಿನಗೆ ಇಷ್ಟ ಬಂದದ್ದು ತಗೋ” ಎಂದು ಜಪಾನಿಯಲ್ಲಿ ಹೇಳಿ, ಟೀಚರ್ ಮೊರಿತಾ ಸಾನ್ ಕಪಾಟಿನ ಪಕ್ಕ ನೆಲದ ಮೇಲೆ ಕುಳಿತರು. ನಾಲ್ಕು ವರ್ಷದ ಸಾಹಿತ್ಯ ಕಪಾಟು ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು.

ಅಮ್ಮ ಜ್ಯೋತ್ಸ್ನಾ ಕುಳಿತಲ್ಲೇ ಮುಂದೆ ಬಾಗಿದಳು. ಟೋಕಿಯೋದ ಓಜಿಮಾ ಬಡಾವಣೆಯ ಈ ಶಿಶುವಿಹಾರದಲ್ಲಿ ಮಗ್ಗಿಯಿಲ್ಲ, ಹೋಂವರ್ಕ್ ಇಲ್ಲ. ಮಕ್ಕಳು ತಮಗೆ ಬೇಕಾದ್ದನ್ನು ಆರಿಸಿಕೊಂಡು, ತಮ್ಮ ಕೈಯಿಂದಲೇ ಮಾಡಿ ಕಲಿಯುತ್ತಾರೆ. ಬೆಂಗಳೂರಿನಲ್ಲಿ ಎಲ್‌ಕೆಜಿಯಿಂದಲೇ ಉರುಹೊಡೆದು ಕಳೆದ ತನ್ನ ಬಾಲ್ಯ ಮಗಳಿಗೆ ಬೇಡವೆಂದು ಅವಳು ಹಟ ಹಿಡಿದಿದ್ದಳು. ಉಳಿದಿದ್ದುದು ಒಂದೇ ಸೀಟು, ಇವತ್ತು ಅದರ ಸಂದರ್ಶನ. ಅದಕ್ಕೇ ಬೇಸಿಗೆಯಿಡೀ ಮನೆಯಲ್ಲಿ, ಸ್ವಂತ ಇಷ್ಟದಿಂದ ಆಡುವುದನ್ನು ಮಗಳಿಗೆ ಪ್ರಾಕ್ಟೀಸ್ ಮಾಡಿಸಿದ್ದಳು. ಜಗ್ಗಿನಿಂದ ಲೋಟಕ್ಕೆ ನೀರು ಸುರಿಯುವುದು, ಚೆಲ್ಲಿದ್ದನ್ನು ಒರೆಸುವುದು, ತಪ್ಪಿದರೆ ಮತ್ತೆ ಮೊದಲಿನಿಂದ. ಇಷ್ಟು ಶಿಸ್ತಾಗಿ ಸ್ವಾತಂತ್ರ್ಯ ಕಲಿತ ಮಗು ಇಡೀ ಟೋಕಿಯೋದಲ್ಲಿ ಇನ್ನೊಂದಿರಲಾರದು.

“ಆ ಜಗ್ ತಗೋ ಪುಟ್ಟಿ” ಎಂದಳು ಜ್ಯೋತ್ಸ್ನಾ, ಮುದ್ದು ಮಾಡುವವಳ ದನಿಯಲ್ಲಿ. ಟೀಚರ್‌ಗೆ ಕನ್ನಡ ತಿಳಿಯುವುದಿಲ್ಲ ಎಂಬ ಧೈರ್ಯ. “ಮನೇಲಿ ಮಾಡ್ತೀಯಲ್ಲ, ಹಾಗೇ. ನಿಧಾನಕ್ಕೆ ಸುರಿ. ಆಮೇಲೆ ಮಿಸ್‌ನ ನೋಡಿ ಸ್ಮೈಲ್ ಮಾಡು.”

ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಅವಳು ಉತ್ತರ ಕೊಡುವುದು ಮಾತ್ರ ಜಪಾನಿಯಲ್ಲಿ. ಅಷ್ಟೊಂದು ತಯಾರಿಯಲ್ಲಿ ಇದೊಂದು ಜ್ಯೋತ್ಸ್ನಾಳಿಗೆ ಹೊಳೆದಿರಲಿಲ್ಲ.

“ಇದು ನಮ್ಮ ಜಗ್ ಅಲ್ಲಮ್ಮ” ಎಂದಳು ಸಾಹಿತ್ಯ, ಸ್ಪಷ್ಟವಾದ ಜಪಾನಿಯಲ್ಲಿ, ಎಲ್ಲರಿಗೂ ಕೇಳುವಂತೆ. “ನಾವು ಪ್ರಾಕ್ಟೀಸ್ ಮಾಡಿದ್ದು ನೀಲಿದು. ಇದ್ರಲ್ಲಿ ಚೆಲ್ಲಿದ್ರೆ ಮತ್ತೆ ಮೊದಲಿಂದ ಮಾಡಿಸ್ತೀಯಾ?”

ಮೊರಿತಾ ಸಾನ್ ಹುಬ್ಬು ಕೂಡ ಏರಿಸಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಜ್ಯೋತ್ಸ್ನಾಳಿಗೆ. “ಸುಮಿಮಾಸೆನ್” ಎಂದು ತಲೆ ಬಾಗಿಸಿದಳು. ಕ್ಷಮೆ ಕೇಳಿದ್ದು ಟೀಚರನ್ನು, ಮಗಳನ್ನಲ್ಲ.

“ಪರವಾಗಿಲ್ಲ” ಎಂದರು ಮೊರಿತಾ ಸಾನ್. “ಅವಳು ಸ್ವಲ್ಪ ಹೊತ್ತು ನೋಡುತ್ತಿರಲಿ. ನೀವೇ ಬನ್ನಿ, ಏನಾದರೂ ತೆಗೆದುಕೊಳ್ಳಿ. ನಿಮಗೆ ಇಷ್ಟ ಬಂದದ್ದು.”

ಜ್ಯೋತ್ಸ್ನಾ ಕಪಾಟಿನ ಮುಂದೆ ಮಂಡಿಯೂರಿದಳು. ಮರದ ತುಂಡುಗಳು, ಬಣ್ಣದ ಮಣಿಗಳು, ಗುಂಡಿ ಹಾಕಿ ಬಿಚ್ಚುವ ಬಟ್ಟೆ, ಅದೇ ಜಗ್ಗು. ಯಾವುದಕ್ಕೆ ಮಾರ್ಕ್ಸ್ ಜಾಸ್ತಿಯೋ ತಿಳಿಯಲಿಲ್ಲ. ಮಣಿಗಳು ಚೆನ್ನಾಗಿದ್ದವು, ಅತ್ತ ಚಾಚಿದ ಕೈ ಅರ್ಧದಲ್ಲೇ ಹಿಂದೆ ಬಂತು. ಟೀಚರ್ ಮುಖ ನೋಡಿದಳು. ಅಲ್ಲಿ ಯಾವ ಸೂಚನೆಯೂ ಇರಲಿಲ್ಲ.

ಸಾಹಿತ್ಯಳಿಗೆ ಪಾಪ ಅನ್ನಿಸಿತು. ಎದ್ದು ಬಂದು, ಟೀಚರ್‌ಗೆ ತಿಳಿಯಬಾರದೆಂದು ಅಪರೂಪಕ್ಕೆ ಕನ್ನಡದಲ್ಲೇ, ಅಮ್ಮನ ಕಿವಿಯಲ್ಲಿ ಹೇಳಿದಳು:

“ಜಗ್ ತಗೋಮ್ಮ. ನಿಧಾನಕ್ಕೆ ಸುರಿ. ಆಮೇಲೆ ಮಿಸ್‌ನ ನೋಡಿ ಸ್ಮೈಲ್ ಮಾಡು.”